ಸ್ಪೆಲಿಂಗ್‌ಗೂ ಒಂದು ಕುಟುಂಬವಿದೆ

ಬಸ್ ಹೊರಡುವಾಗ ಕಂಡಕ್ಟರ್ ‘ರೈಟ್ ರೈಟ್’ ಎನ್ನುತ್ತಾರೆ. ಬಿಡದಿಯ ಕಾರ್ಖಾನೆಗೆ ಹೋಗುವ ಅಣ್ಣಂದಿರು ‘ಈ ವಾರ ನೈಟ್ ಶಿಫ್ಟ್’ ಎನ್ನುತ್ತಾರೆ. ಪರೀಕ್ಷೆ ಮುಗಿಸಿ ಬಂದ ಗೆಳತಿ ‘ಪೇಪರ್ ಟಫ್ ಇತ್ತು’ ಎನ್ನುತ್ತಾಳೆ. ಈ ಪದಗಳು ನಮಗೆ ಹೊಸವಲ್ಲ, ಬಾಯಲ್ಲೇ ಇವೆ. ಆದರೆ ಇವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಹೇಳಿದರೆ ಕೈ ನಿಂತುಬಿಡುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಅದು ಸಂತೋಷದ ಸಂಗತಿ. ಆದರೆ ಅದರಲ್ಲಿ ಇಂಗ್ಲಿಷ್ ವಿಭಾಗ ಹಾಗೆಯೇ ಉಳಿದಿದೆ. ‘ಸರಿಯಾದ ಸ್ಪೆಲಿಂಗ್ ಇರುವ ಪದ ಯಾವುದು’ ಎಂಬ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಮಾಮೂಲು. ರಾಮನಗರ, ಚನ್ನಪಟ್ಟಣದಿಂದ ರೈಲು ಹತ್ತಿ, ಕನಕಪುರ, ಮಾಗಡಿಯಿಂದ ಬಸ್ ಹಿಡಿದು ಬೆಂಗಳೂರಿನ ಕೋಚಿಂಗ್‌ಗೆ ಹೋಗುವವರು ಕೈಯಲ್ಲಿ ಉದ್ದುದ್ದ ಪದಪಟ್ಟಿ ಹಿಡಿದು ಉರು ಹೊಡೆಯುತ್ತಾರೆ. ವಾರ ಕಳೆದರೆ ಅರ್ಧ ಮರೆತಿರುತ್ತದೆ.

ಪದಗಳನ್ನು ಎ ಯಿಂದ ಝಡ್‌ವರೆಗೆ ಸಾಲಾಗಿ ಓದುವ ಬದಲು, ಒಂದೇ ಅಕ್ಷರಜೋಡಣೆ, ಒಂದೇ ಉದ್ದ ಇರುವವನ್ನು ಗುಂಪು ಮಾಡಿ ಕಲಿಯಬೇಕು ಎಂಬುದು ನನ್ನ ವಾದ. ಐ, ಜಿ, ಎಚ್, ಟಿ ಎಂಬ ನಾಲ್ಕು ಅಕ್ಷರಗಳನ್ನೇ ನೋಡಿ. ಇದರ ಮುಂದೆ ಒಂದೊಂದು ಅಕ್ಷರ ಕೂಡಿಸಿದರೆ ಐದಕ್ಷರದ ಲೈಟ್, ನೈಟ್, ರೈಟ್, ಟೈಟ್, ಫೈಟ್, ಮೈಟ್, ಸೈಟ್ ಎಲ್ಲ ಸಿಗುತ್ತವೆ. ಈ ಮನೆಯಲ್ಲಿ ಬೇರೆ ದನಿ ತೆಗೆಯುವವನು ಎಂಟು ಎಂಬ ಅರ್ಥದ ‘ಎಯ್ಟ್’ ಒಬ್ಬನೇ. ಒಂದು ಎಚ್ಚರಿಕೆ ಮಾತ್ರ ಬೇಕು: ಈ ಸೈಟ್ ಎಂದರೆ ನೋಟ. ನಮ್ಮೂರಿನ ಸುತ್ತ ಮಾರಾಟಕ್ಕಿರುವ ಸೈಟಿಗೆ ಜಿ, ಎಚ್ ಇಲ್ಲ.

ಓ, ಯು, ಜಿ, ಎಚ್ ಕುಟುಂಬ ಮಾತ್ರ ಜಗಳಗಂಟಿ. ಇದರಲ್ಲೂ ಐದಕ್ಷರದ ಪದಗಳಿವೆ. ಒರಟು ಎಂದರೆ ರಫ್, ಕಷ್ಟ ಎಂದರೆ ಟಫ್. ಕೆಮ್ಮು ಬಂದರೆ ಕಾಫ್. ಕಲಸಿದ ಹಿಟ್ಟು ಡೋ, ಮರದ ಕೊಂಬೆ ಬೌ. ಟಿ ಕೊನೆಗೆ ಬಂದರೆ ಆಟ್. ನಾಲ್ಕು ಅಕ್ಷರ ಒಂದೇ, ಉಚ್ಚಾರ ಮಾತ್ರ ಐದು ಬಗೆ! ಇಲ್ಲಿ ತಡವರಿಸುವವರು ದಡ್ಡರಲ್ಲ, ಆ ಬರವಣಿಗೆಯೇ ಹಾಗಿದೆ.

ಹೀಗಾಗಲು ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಗಳಲ್ಲಿ ಗಂಟಲಿನಿಂದ ಬರುವ ‘ಖ್’ನಂಥ ಸದ್ದು ನಿಜವಾಗಿಯೂ ಇತ್ತು. ಜರ್ಮನ್ನರು ರಾತ್ರಿಗೆ ‘ನಾಖ್ಟ್’ ಎನ್ನುವಾಗ ಅದು ಇಂದಿಗೂ ಕೇಳಿಸುತ್ತದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು. ಜನರ ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು. ಕೆಲವು ಪದಗಳಲ್ಲಿ ಆ ಸದ್ದು ‘ಫ್’ ಆಯಿತು, ಕೆಲವದರಲ್ಲಿ ಪೂರ್ತಿ ಮಾಯವಾಯಿತು. ಜಿ, ಎಚ್ ಕಾಗದದ ಮೇಲೆ ಉಳಿದುಕೊಂಡವು.

ನಮ್ಮ ಭಾಷೆಯಲ್ಲೂ ಸದ್ದುಗಳು ಕಳೆದುಹೋಗಿವೆ. ಹಳಗನ್ನಡದ ‘ಆಱು’, ‘ಏೞು’ ಈಗ ಆರು, ಏಳು ಆಗಿವೆ. ಸದ್ದು ಹೋದ ಮೇಲೆ ಕನ್ನಡ ಆ ಅಕ್ಷರಗಳನ್ನೂ ಬಿಟ್ಟಿತು. ಇಂಗ್ಲಿಷ್ ಬಿಡಲಿಲ್ಲ. ಅಷ್ಟೇ ವ್ಯತ್ಯಾಸ. ಇದನ್ನು ಹೈಸ್ಕೂಲಿನಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟೋ ಹುಡುಗರ ಕೀಳರಿಮೆ ಅಲ್ಲೇ ಕರಗುತ್ತಿತ್ತು.

ಉಚ್ಚಾರ ಬರೆದಿಟ್ಟುಕೊಳ್ಳಲು ಕನ್ನಡ ಲಿಪಿಗಿಂತ ಒಳ್ಳೆಯ ಸಾಧನ ನಮಗೆ ಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೊಂದು ಅಕ್ಷರಗುಂಪು ಹಾಕಿ. ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ, ಜೊತೆಗೆ ಊರಿನದೇ ಒಂದು ನೆನಪಿನ ಗುರುತು ಇರಲಿ. ಚನ್ನಪಟ್ಟಣದ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಮುನ್ನ ಹಾಲೆಮರದ ತುಂಡು ರಫ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರಿಂದ ಬಂದ ಹೆಸರದು. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಆ ‘ಕ್ಲೋಸ್’ ಕೂಡ ಐದಕ್ಷರ. ಹತ್ತಿರ ಎಂಬ ಅರ್ಥದಲ್ಲಿ ಕೊನೆಗೆ ‘ಸ್’, ಮುಚ್ಚು ಎಂಬ ಅರ್ಥದಲ್ಲಿ ‘ಝ್’. ಹೀಗೆ ಕಲಿತದ್ದು ಬೇಗ ಮರೆಯದು. ಮೊಬೈಲ್ ಬಿಡಲಾಗದವರು ಐದಕ್ಷರದ ಪದ ಹುಡುಕುವ ‘ವರ್ಡಲ್’ ಆಟವನ್ನಾದರೂ ಆಡಬಹುದು. ಆರು ಅವಕಾಶದಲ್ಲಿ ಪದ ಹಿಡಿಯಬೇಕಾದರೆ ಇಂಥ ಗುಂಪುಗಳು ತಲೆಯಲ್ಲಿರಲೇಬೇಕು.

ಅಧ್ಯಾಪಕರಲ್ಲೂ ಒಂದು ವಿನಂತಿ. ಕಾಲೇಜಿನ ಕಪ್ಪುಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಗುಂಪು ಬರೆಯಿರಿ, ಐದು ನಿಮಿಷ ಸಾಕು. ‘ಡೋ’ ಅನ್ನು ‘ಡಫ್’ ಎಂದು ಓದಿದ ವಿದ್ಯಾರ್ಥಿಯನ್ನು ನೋಡಿ ನಗಬೇಡಿ. ಟಫ್, ರಫ್ ನೋಡಿ ನಿಯಮ ಕಂಡುಕೊಂಡಿದ್ದಾನೆ, ತರ್ಕ ಸರಿಯಾಗಿಯೇ ಇದೆ. ಸಂದರ್ಶನದಲ್ಲಿ ಕೂರುವವರೂ ಇದನ್ನು ನೆನಪಿಡಲಿ. ಸ್ಪೆಲಿಂಗ್ ಗೊತ್ತಿರುವುದು ಅಭ್ಯಾಸಬಲದಿಂದ, ಅದರಿಂದ ಬುದ್ಧಿ ಅಳೆಯಲಾಗದು. ಅಭ್ಯಾಸವನ್ನಂತೂ ಯಾವ ಊರಿನವರು ಬೇಕಾದರೂ ಮಾಡಿಕೊಳ್ಳಬಹುದು. ನಾಳೆಯ ಪ್ರಯಾಣದಲ್ಲಿ ಪದಪಟ್ಟಿಯ ಬದಲು ಒಂದು ಕುಟುಂಬ ಹಿಡಿದು ಶುರುಮಾಡಿ ನೋಡಿ.