ಕಾಟಾದ ತಂತಿ, ಆಕ್ಸೈಡಿನ ಪೊರೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಆಳಂದ ತಾಲ್ಲೂಕಿನ ಭೂಸನೂರಿಗೆ ಹೋಗುವವರು ದಾರಿ ಕೇಳಬೇಕಾಗಿಲ್ಲ. ಹೇರು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ಹೊರಟರೆ ಸಕ್ಕರೆ ಕಾರ್ಖಾನೆ ತಾನಾಗಿ ಸಿಗುತ್ತದೆ. ಯಾವ ಸಕ್ಕರೆ ಕಾರ್ಖಾನೆಯೇ ಇರಲಿ, ಗಾಡಿ ಮೊದಲು ಕಾಟಾದ ಮೇಲೆ ನಿಲ್ಲಬೇಕು. ತುಂಬಿದ ಗಾಡಿಯ ತೂಕ ಒಮ್ಮೆ, ಖಾಲಿ ಗಾಡಿಯದು ಇನ್ನೊಮ್ಮೆ. ಎರಡರ ವ್ಯತ್ಯಾಸವೇ ರೈತನ ವರ್ಷದ ದುಡಿಮೆ. ಅವನು ಆ ಕೆಂಪು ಅಂಕಿಗಳನ್ನು ಎವೆಯಿಕ್ಕದೆ ನೋಡುವುದರಲ್ಲಿ ಆಶ್ಚರ್ಯವೇನಿಲ್ಲ.

ಆ ಅಂಕಿ ಬರುವುದೆಲ್ಲಿಂದ? ಕಾಟಾದ ಹಾಸಿನ ಕೆಳಗೆ ದಪ್ಪನೆಯ ಉಕ್ಕಿನ ತುಂಡುಗಳಿರುತ್ತವೆ. ಲೋಡ್ ಸೆಲ್ ಎಂದು ಅವಕ್ಕೆ ಹೆಸರು. ಅವುಗಳ ಮೈಗೆ ಹಾವಿನಂತೆ ಸುತ್ತಿ ಸುತ್ತಿ ಬಂದ ತೆಳು ಲೋಹದ ಎಳೆಯೊಂದನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಉಕ್ಕು ಕೂದಲೆಳೆಗಿಂತ ಕಡಿಮೆ ಬಾಗುತ್ತದೆ, ಜೊತೆಗೆ ಎಳೆಯೂ ಹಿಗ್ಗುತ್ತದೆ. ಹೀಗೆ ಅಳತೆಯಲ್ಲಾಗುವ ಬದಲಾವಣೆಯೇ ಸ್ಟ್ರೇನ್. ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆಂದು 1856ರಲ್ಲಿ ತೋರಿಸಿದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು. ಅದನ್ನು ಅಂಟಿಸುವ ಉಪಕರಣವಾಗಿಸಿದ್ದು ಅಮೆರಿಕದಲ್ಲಿ, 1938ರ ಸುಮಾರಿಗೆ. ಅದರಲ್ಲಿ ಪಾಲಿದ್ದ ಆರ್ಥರ್ ರೂಜ್ ಆಗ ತಲೆಕೆಡಿಸಿಕೊಂಡಿದ್ದುದು ಭೂಕಂಪದಲ್ಲಿ ನೀರಿನ ಟ್ಯಾಂಕುಗಳಿಗೆ ಏನಾಗುತ್ತದೆಂಬ ವಿಷಯಕ್ಕೆ.

ಲೆಕ್ಕ ಸುಲಭ. ಪೂರ್ತಿ ಭಾರಕ್ಕೆ ಎಳೆ ಸಾವಿರದಲ್ಲೊಂದು ಪಾಲು ಹಿಗ್ಗಿತೆನ್ನಿ. ರೋಧ ಅದರ ಸುಮಾರು ಎರಡು ಪಟ್ಟು ಏರುತ್ತದೆ. 350 ಓಮ್ ಇದ್ದದ್ದು 350.7 ಆಗುತ್ತದೆ. ಇಡೀ ಲಾರಿಯ ಕಬ್ಬು ಆ 0.7ರೊಳಗೆ! ಹಾಗಾದರೆ ಬಿಸಿಲಿನ ಗತಿಯೇನು? ಎಳೆಯನ್ನು ತಾಮ್ರದಿಂದ ಮಾಡಿದ್ದರೆ ಅರ್ಧ ಡಿಗ್ರಿ ಬಿಸಿಯೇರಿದರೂ ಸಾಕು, ರೋಧ ಅಷ್ಟೇ ಏರುತ್ತಿತ್ತು. ಕಲಬುರಗಿ ಸೀಮೆಯಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಎಷ್ಟು ಡಿಗ್ರಿ ಅಂತರವೆಂದು ನಿಮಗೇ ಗೊತ್ತು. ಅದಕ್ಕೇ ಬಿಸಿಗೆ ಬಗ್ಗದ ಕಾನ್‌ಸ್ಟಾಂಟನ್ ಎಂಬ ಮಿಶ್ರಲೋಹ ಬಳಸುತ್ತಾರೆ. ಸಾಲದ್ದಕ್ಕೆ ನಾಲ್ಕು ಎಳೆಗಳನ್ನು ಪಿಯುಸಿಯಲ್ಲಿ ಓದುವ ವೀಟ್‌ಸ್ಟನ್ ಸೇತುವೆಯಂತೆ ಜೋಡಿಸುತ್ತಾರೆ. ಭಾರಕ್ಕೆ ಎರಡು ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ಬಿಸಿಗೆ ಮಾತ್ರ ನಾಲ್ಕೂ ಒಂದೇ ಸಮ ಬದಲಾಗುವುದರಿಂದ ವ್ಯತ್ಯಾಸ ಸೊನ್ನೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆಯುವ ಆ ಚೌಕದ ಚಿತ್ರ ರೈತನ ಕಿಸೆ ಕಾಯುತ್ತಿದೆಯೆಂದು ಯಾವ ಮೇಷ್ಟರೂ ಹೇಳುವುದಿಲ್ಲ.

ಇಲ್ಲಿಯವರೆಗೆ ಲೋಹದ ಕಥೆ. ಲೋಹ ಹಿಗ್ಗಿದಾಗ ಎಲೆಕ್ಟ್ರಾನಿಗೆ ಮುಖ್ಯವಾಗಿ ದಾರಿ ಉದ್ದವಾಗುತ್ತದೆ, ಕಿರಿದಾಗುತ್ತದೆ. ಅದರ ಸ್ವಭಾವ ಹೆಚ್ಚೇನೂ ಬದಲಾಗುವುದಿಲ್ಲ. ಲೋಹದ ಆಕ್ಸೈಡುಗಳಲ್ಲಿ ಹಾಗಲ್ಲ. ಅನೇಕ ಆಕ್ಸೈಡುಗಳಲ್ಲಿ ಎರಡು ಲೋಹದ ಪರಮಾಣುಗಳ ನಡುವೆ ಆಮ್ಲಜನಕ ನಿಂತಿರುತ್ತದೆ. ಎಲೆಕ್ಟ್ರಾನು ಅದನ್ನು ಮೆಟ್ಟಿಯೇ ಆಚೆ ದಾಟಬೇಕು, ಹಳ್ಳದ ನಡುವಿನ ಕಲ್ಲು ಮೆಟ್ಟಿ ದಾಟುವ ಹಾಗೆ. ಕಲ್ಲು ಗೇಣುದ್ದ ಸರಿದರೂ ದಾಟುವವನು ದಡದಲ್ಲೇ ನಿಲ್ಲಬೇಕಾದೀತು.

ಆಕ್ಸೈಡನ್ನು ಕೈಯಿಂದ ಎಳೆಯಲಾಗದು, ಗಡಿಗೆಯಂತೆ ಒಡೆದುಹೋಗುತ್ತದೆ. ಅದಕ್ಕೆ ಉಪಾಯವೆಂದರೆ ಬೇರೊಂದು ಹರಳಿನ ಬಿಲ್ಲೆಯ ಮೇಲೆ ಅದನ್ನು ತೆಳು ಪೊರೆಯಾಗಿ ಬೆಳೆಸುವುದು. ಕೌದಿ ಹೊಲಿಯುವ ಅಜ್ಜಿಯನ್ನು ನೋಡಿದ್ದೀರಲ್ಲ, ತುಸು ಚಿಕ್ಕದಾದ ಬಟ್ಟೆಯನ್ನು ಎಳೆದೆಳೆದು ಕೆಳಗಿನ ಬಟ್ಟೆಯ ಅಂಚಿಗೆ ಕೂಡಿಸುತ್ತಾಳೆ. ಹಾಗೆಯೇ ಪೊರೆಯ ಪರಮಾಣುಗಳು ಕೆಳಗಿನ ಸಾಲಿಗೆ ಸಾಲು ಹೊಂದಿಸಿಕೊಂಡು ಹಿಗ್ಗುತ್ತವೆ ಇಲ್ಲವೆ ಕುಗ್ಗುತ್ತವೆ. ಪೊರೆ ದಪ್ಪವಾದರೆ ತಡೆದುಕೊಳ್ಳುವುದಿಲ್ಲ. ದಪ್ಪಗೆ ಬಳಿದ ರಾಡಿ ಒಣಗಿ ಬಿರಿಯುತ್ತದೆ, ತೆಳುವಾಗಿ ಸಾರಿಸಿದ್ದು ನಿಲ್ಲುತ್ತದೆ. ಇಲ್ಲಿ ತೆಳು ಎಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನ ಮಾತು.

ನನಗೆ ಬಹಳ ಹಿಡಿಸಿದ ಉದಾಹರಣೆ ವನೇಡಿಯಂ ಡೈಆಕ್ಸೈಡಿನದು. ಇದು 68 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿದ್ದರೆ ವಿದ್ಯುತ್ತನ್ನು ಅಷ್ಟಾಗಿ ಬಿಡುವುದಿಲ್ಲ. ಅದನ್ನು ದಾಟಿತೋ, ಲೋಹದಂತೆ ಧಾರಾಳ. ರೋಧ ಸಾವಿರಾರು ಪಟ್ಟು ಕುಸಿಯುತ್ತದೆ. 2002ರಲ್ಲಿ ಜಪಾನಿನ ಮುರಾವೋಕಾ ಮತ್ತು ಹಿರೋಯಿ ಇದನ್ನು ಟೈಟಾನಿಯಂ ಡೈಆಕ್ಸೈಡಿನ ಬಿಲ್ಲೆಗಳ ಮೇಲೆ ಬೆಳೆಸಿದರು. ಬಿಲ್ಲೆಯ ವಸ್ತು ಒಂದೇ, ಹರಳನ್ನು ಕತ್ತರಿಸಿದ ದಿಕ್ಕು ಮಾತ್ರ ಬೇರೆ. ಒಂದರ ಮೇಲೆ ವನೇಡಿಯಂ ಪರಮಾಣುಗಳ ಸಾಲು ಚೂರು ಕುಗ್ಗಿತು, ಇನ್ನೊಂದರ ಮೇಲೆ ಚೂರು ಹಿಗ್ಗಿತು. ಕುಗ್ಗಿದ ಪೊರೆ ಸುಮಾರು 27 ಡಿಗ್ರಿಗೇ ಲೋಹದಂತಾಯಿತು; ಹಿಗ್ಗಿದ್ದಕ್ಕೆ ಸುಮಾರು 96 ಡಿಗ್ರಿ ಬೇಕಾಯಿತು. ನೂರರಲ್ಲಿ ಒಂದರಷ್ಟು ಎಳೆದಾಟಕ್ಕೆ ಒಂದು ಪೊರೆ ನಮ್ಮ ಮನೆಯೊಳಗಿನ ಬಿಸಿಗೇ ಒಲಿಯಿತು, ಇನ್ನೊಂದು ಕುದಿಯುವ ನೀರಿನ ಬಳಿ ಹೋಗಿ ನಿಂತಿತು.

ಆದರೆ ಇಲ್ಲೂ ಬಿಸಿಲಿನಂಥ ಒಬ್ಬ ಕಳ್ಳನಿದ್ದಾನೆ, ಆಮ್ಲಜನಕ. ಹಿಗ್ಗಿಸಿದ ಹಲವು ಆಕ್ಸೈಡುಗಳಿಂದ ಆಮ್ಲಜನಕದ ಪರಮಾಣು ಸುಲಭವಾಗಿ ಜಾಗ ಬಿಟ್ಟು ಹೋಗುತ್ತದೆ, ಅದರಿಂದಲೂ ರೋಧ ಬದಲಾಗುತ್ತದೆ. ಪೊರೆಯ ಗುಣ ಬದಲಾದದ್ದು ಎಳೆತದಿಂದಲೋ ಆಮ್ಲಜನಕ ಹೋದದ್ದರಿಂದಲೋ? ಕಾಟಾದಲ್ಲಿರುವಂತೆ ನಾಲ್ಕು ಎಳೆ ಜೋಡಿಸಿ ಒಂದನ್ನು ಕಳೆಯುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸ್ಟ್ರೇನ್‌ನಿಂದ ಅದ್ಭುತ ಸಾಧಿಸಿದೆವೆಂಬ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಆಮ್ಲಜನಕವನ್ನು ಹೇಗೆ ಅಳೆದರೆಂಬ ಸಾಲನ್ನು.

ಇದಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಆಕ್ಸೈಡುಗಳ ಅಧ್ಯಯನಕ್ಕೆ ಹೆಸರಾದದ್ದು ಸಿ.ಎನ್.ಆರ್. ರಾವ್ ಅವರ ಕಾಲದಿಂದ. ಈಗ ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರದಲ್ಲಿರುವ ಪವನ್ ನುಕಾಲ, ಹಿಂದೆ ನೆದರ್ಲೆಂಡಿನಲ್ಲಿ ಸಂಗಡಿಗರೊಡನೆ ಹ್ಯಾಫ್ನಿಯಂ-ಜಿರ್ಕೋನಿಯಂ ಆಕ್ಸೈಡಿನ ಪೊರೆಗಳ ಮೇಲೆ ಕೆಲಸ ಮಾಡಿದರು. ಒತ್ತಿ ಬೆಳೆಸಿದ ಆ ಪೊರೆಯಲ್ಲಿ, ವಿದ್ಯುತ್ ಕೊಟ್ಟು ದಿಕ್ಕು ಬದಲಿಸಿ ನೆನಪು ದಾಖಲಿಸಬಲ್ಲ ಹೊಸ ಹರಳು ರೂಪವೊಂದು ಕಂಡದ್ದು 2018ರಲ್ಲಿ. ಹ್ಯಾಫ್ನಿಯಂ ಆಕ್ಸೈಡ್ 2007ರಿಂದಲೇ ಕಂಪ್ಯೂಟರ್ ಚಿಪ್ಪುಗಳೊಳಗಿದೆ, ಹೊಸ ಪರಿಚಯವಲ್ಲ. 2021ರಲ್ಲಿ ಅವರ ತಂಡ ಇಂಥ ಸಾಧನಗಳಿಗೆ ವಿದ್ಯುತ್ ಕೊಡುತ್ತಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿತು. ಆಮ್ಲಜನಕ ಪೊರೆಯನ್ನು ದಾಟಿ ಹೋಗುತ್ತಿತ್ತು, ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಮರಳುತ್ತಿತ್ತು. ಅನುಮಾನದ ಆಸಾಮಿ ಕೊನೆಗೂ ಕಣ್ಣಿಗೇ ಬಿದ್ದ.

ಪಿಯುಸಿ ಮಕ್ಕಳು ಈ ಗೊಂದಲವನ್ನು ತಾವೇ ನೋಡಬಹುದು. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಬಲು ತೆಳುವಾದ ತಾಮ್ರದ ತಂತಿ ಒಂದು ಮೀಟರ್ ತನ್ನಿ. ತುದಿಗಳ ಎನಾಮಲ್ ಕೆರೆದು, ಪ್ರಯೋಗಶಾಲೆಯ ಮೀಟರ್ ಬ್ರಿಜ್‌ಗೆ ಜೋಡಿಸಿ ಗ್ಯಾಲ್ವನೋಮೀಟರಿನ ಮುಳ್ಳನ್ನು ಸೊನ್ನೆಗೆ ತನ್ನಿ. ತಂತಿಗೆ ಸಣ್ಣ ತೂಕ ನೇತುಹಾಕಿ. ಮುಳ್ಳು ಅಲುಗಿತೋ ಇಲ್ಲವೋ ಎಂದು ಕಣ್ಣು ಕಿರಿದಾಗಿಸಿ ನೋಡಬೇಕಾಗುತ್ತದೆ. ತೂಕ ತೆಗೆದು ತಂತಿಯುದ್ದಕ್ಕೂ ಬಾಯಿಂದ ಬಿಸಿಯುಸಿರು ಬಿಡಿ, ಮುಳ್ಳು ಸಲೀಸಾಗಿ ಸರಿಯುತ್ತದೆ. ಚಳಿಗಾಲದ ಬೆಳಿಗ್ಗೆ ಮಾಡಿ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಉಸಿರೇ ಗಾಳಿಗಿಂತ ತಂಪು, ಮುಳ್ಳು ಉಲ್ಟಾ ಓಡೀತು.