ಚಪ್ಪಟೆ ಮೂತಿಗೆ ಮುಚ್ಚಿದ ಬಾಗಿಲು

ವಿದೇಶದಲ್ಲಿ ಉದ್ಯೋಗ ದೊರೆತು ಸಂಸಾರ ಸಮೇತ ಹೊರಡುವವರು ಬೆಂಗಳೂರಿನಲ್ಲಿ ಅಪರೂಪವೇನಲ್ಲ. ಮನೆಯನ್ನು ಬಾಡಿಗೆಗೆ ಕೊಡುತ್ತಾರೆ, ಕಾರು ಮಾರುತ್ತಾರೆ, ಮಕ್ಕಳ ವರ್ಗಾವಣೆ ಪತ್ರ ಪಡೆಯುತ್ತಾರೆ. ಕೊನೆಗೆ ಉಳಿಯುವುದು ಸಾಕುನಾಯಿಯ ಪ್ರಶ್ನೆ. ಅದು ಪಗ್ ಅಥವಾ ಬುಲ್‌ಡಾಗ್ ಆಗಿದ್ದರಂತೂ ಹಣ ಸುರಿದ ಮಾತ್ರಕ್ಕೆ ಉತ್ತರ ಸಿಗದು. ಲಂಡನ್ನಿಗೆ ಹೊರಟಿದ್ದ ನನ್ನ ಪರಿಚಿತ ಕುಟುಂಬವೊಂದು ಇದೇ ಇಕ್ಕಟ್ಟಿನಲ್ಲಿ ಸಿಲುಕಿತ್ತು. ವಿಮಾನ ಸಂಸ್ಥೆಗಳಿಗೆ ಕರುಣೆಯೇ ಇಲ್ಲ ಎಂಬ ಅವರ ದೂರಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ತಪ್ಪನ್ನು ಹುಡುಕಬೇಕಾದ ಜಾಗ ವಿಮಾನ ನಿಲ್ದಾಣವಲ್ಲ, ನಾಯಿಮರಿಗಳ ಮಾರುಕಟ್ಟೆ ಎಂಬುದು ನನ್ನ ಅಭಿಪ್ರಾಯ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯ್ತೆರೆದು ಏದುಸಿರು ಬಿಟ್ಟೇ ಅದು ದೇಹದ ಕಾವನ್ನು ಹೊರಹಾಕಬೇಕು. ಚಪ್ಪಟೆ ಮೂತಿಯ ತಳಿಗಳಲ್ಲಿ ಮೂಗಿನ ಹೊಳ್ಳೆ ಕಿರಿದು. ಅಂಗುಳಿನ ಮೆದುಭಾಗವೋ ಅಗತ್ಯಕ್ಕಿಂತ ಉದ್ದವಾಗಿ ಉಸಿರಿನ ದಾರಿಗೆ ಅಡ್ಡ ಬರುತ್ತದೆ. ಬಿಸಿಲು ಮತ್ತು ಗಾಬರಿ ಎರಡೂ ಸೇರಿದರೆ ಇಂಥ ನಾಯಿ ಕೆಲವೇ ನಿಮಿಷಗಳಲ್ಲಿ ಕುಸಿಯಬಹುದು. ಪ್ರಾಣಿಗಳನ್ನಿಡುವ ಸರಕು ಕೋಣೆಯಲ್ಲಿ ಗಾಳಿಯ ಒತ್ತಡವನ್ನೂ ಉಷ್ಣಾಂಶವನ್ನೂ ಕಾಯ್ದುಕೊಳ್ಳುವ ವ್ಯವಸ್ಥೆ ಇರುತ್ತದೆ ಎಂಬುದು ನಿಜ. ಆದರೆ ವಿಮಾನ ಹತ್ತಿಸುವ ಮುನ್ನ ನೆಲದ ಮೇಲೆ ಕಾಯುವ ಹೊತ್ತು, ಗಲ್ಫ್ ದೇಶಗಳ ಬೇಸಿಗೆಯಲ್ಲಿ ವಿಮಾನ ಬದಲಿಸುವ ಹೊತ್ತು, ಕತ್ತಲೆ ಮತ್ತು ಸದ್ದಿನ ಭಯ, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಪ್ರಕಟಿಸಿದ ಅಂಕಿಅಂಶದ ಪ್ರಕಾರ, ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಅಲ್ಲಿನ ವಿಮಾನ ಸಂಸ್ಥೆಗಳು ವರದಿ ಮಾಡಿದ 122 ನಾಯಿಗಳ ಸಾವಿನಲ್ಲಿ ಸುಮಾರು ಅರ್ಧದಷ್ಟು ಚಪ್ಪಟೆ ಮೂತಿಯ ತಳಿಗಳವು. ಅನೇಕ ಸಂಸ್ಥೆಗಳು ಈ ತಳಿಗಳನ್ನು ಸರಕು ಕೋಣೆಗೆ ಸೇರಿಸಲು ಒಪ್ಪದಿರುವುದಕ್ಕೆ ಕಾರಣ ಇಂಥ ಅನುಭವವೇ ಹೊರತು ನಿರ್ದಯತೆಯಲ್ಲ.

ಹಾಗಿದ್ದರೆ ಪ್ರಯಾಣಿಕರ ಜೊತೆಯಲ್ಲೇ ಕೂರಿಸಿಕೊಂಡು ಹೋಗಬಹುದಲ್ಲ ಎಂದು ಕೇಳಬಹುದು. ಹಾಗೆ ಅವಕಾಶ ಕೊಡುವ ಸಂಸ್ಥೆಗಳು ಚೀಲವೂ ಸೇರಿ ಸಾಮಾನ್ಯವಾಗಿ ಎಂಟು ಕಿಲೋ ಆಸುಪಾಸಿನ ಮಿತಿ ಹಾಕುತ್ತವೆ. ಬೆಳೆದ ಪಗ್‌ನ ತೂಕವೇ ಆರರಿಂದ ಎಂಟು ಕಿಲೋ. ಬ್ರಿಟನ್ನಿಗಂತೂ ವಿಮಾನದಲ್ಲಿ ಬರುವ ಸಾಕುನಾಯಿ ಸರಕಾಗಿಯೇ ಬರಬೇಕೆಂಬುದು ನಿಯಮ. ಕಾನೂನು ಸರಕಾಗಿ ಕಳಿಸಿ ಎನ್ನುತ್ತದೆ. ವಿಮಾನ ಸಂಸ್ಥೆ ಸರಕಾಗಿ ಒಯ್ಯಲಾರೆ ಎನ್ನುತ್ತದೆ. ಈ ಗಂಟು ಬಿಡಿಸಲು ಕೆಲವರು ಯೂರೋಪಿನ ಬೇರೊಂದು ನಗರದಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲಿ ಹೊರಟು, ರೈಲು ಸುರಂಗದ ಮೂಲಕ ಇಂಗ್ಲಿಷ್ ಕಾಲುವೆಯನ್ನು ದಾಟುವ ಸುತ್ತುದಾರಿ ಹಿಡಿಯುತ್ತಾರೆ. ಎಲ್ಲರಿಗೂ ಇದು ನಿಲುಕುವ ಮಾತಲ್ಲ.

ಇದರ ಮೇಲೆ ರೇಬಿಸ್ ಪರೀಕ್ಷೆಯ ಕಟ್ಟುಪಾಡು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಭಾರತದ್ದು. ಆದ್ದರಿಂದಲೇ ನಮ್ಮ ನಾಯಿಗಳನ್ನು ಹೊರದೇಶಗಳು ಅನುಮಾನದಿಂದ ನೋಡುತ್ತವೆ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟಕ್ಕೆ ಹೋಗಬೇಕಾದರೆ ಮೊದಲು ಮೈಕ್ರೋಚಿಪ್, ಬಳಿಕ ಲಸಿಕೆ, ಕನಿಷ್ಠ 30 ದಿನ ಕಳೆದ ಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ, ಆಮೇಲೆ ಮೂರು ತಿಂಗಳ ಕಾಯುವಿಕೆ. ಅಮೆರಿಕ 2024ರ ಆಗಸ್ಟ್‌ನಿಂದ ನಿಯಮಗಳನ್ನು ಬಿಗಿಗೊಳಿಸಿದೆ. ಭಾರತದಲ್ಲಿ ಲಸಿಕೆ ಪಡೆದ ನಾಯಿಗೆ ತೃಪ್ತಿಕರ ರಕ್ತಪರೀಕ್ಷೆಯ ವರದಿ ಇಲ್ಲದಿದ್ದರೆ ಅಲ್ಲಿ 28 ದಿನಗಳ ದಿಗ್ಬಂಧನ ಕಾದಿರುತ್ತದೆ. ಆಸ್ಟ್ರೇಲಿಯಾವಂತೂ ಭಾರತದಿಂದ ನೇರವಾಗಿ ನಾಯಿಯನ್ನು ಬರಗೊಡುವುದೇ ಇಲ್ಲ. ವೀಸಾ ಕೈಸೇರಿದ ಮೇಲೆ ತಯಾರಿ ಆರಂಭಿಸುವವರಿಗೆ ಈ ಲೆಕ್ಕ ಹೊಂದುವುದು ಕಷ್ಟ.

ಆತುರಕ್ಕೆ ಬಿದ್ದವರು ನಿದ್ದೆ ಬರಿಸುವ ಔಷಧ ಕೊಟ್ಟು ಕಳಿಸಲು ಯೋಚಿಸುವುದುಂಟು. ಪಶುವೈದ್ಯರು ಇದನ್ನು ಒಪ್ಪುವುದಿಲ್ಲ; ಮೊದಲೇ ಉಸಿರಾಟಕ್ಕೆ ತಿಣುಕುವ ಪ್ರಾಣಿಗೆ ಅದು ಪ್ರಾಣಾಂತಿಕವಾದೀತು. ಬೀದಿಗೆ ಬಿಟ್ಟು ಹೋಗುವುದಂತೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನಾನು ಮೇಲೆ ಹೇಳಿದ ಕುಟುಂಬ ಕೊನೆಗೆ ತನ್ನ ನಾಯಿಯನ್ನು ತುಮಕೂರಿನ ಅಜ್ಜ-ಅಜ್ಜಿಯ ಮನೆಗೆ ಒಪ್ಪಿಸಿತು. ಮಕ್ಕಳು ಅತ್ತರು. ಆದರೂ ನಾಯಿಯ ಕಡೆಯಿಂದ ನೋಡಿದರೆ ಅದೇ ಸರಿಯಾದ ತೀರ್ಮಾನ. ನಮ್ಮ ಅಗಲಿಕೆಯ ದುಃಖವನ್ನು ನೀಗಿಕೊಳ್ಳಲು ಅದರ ಉಸಿರನ್ನು ಪಣಕ್ಕಿಡುವುದನ್ನು ಪ್ರೀತಿ ಎನ್ನಲಾಗದು.

2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪುಟ್ಟ ಪಗ್ ದೇಶದ ಮನಗೆದ್ದಿತು. ಅಂದಿನಿಂದ ಈ ತಳಿಗೆ ಬೇಡಿಕೆ ಏರಿತು. ನೋಡಲು ಮುದ್ದಾಗಿದೆ ಎಂದು ನಾವು ಮೆಚ್ಚುವ ಆ ಮುಖ, ಮನುಷ್ಯ ತನ್ನ ಚಪಲಕ್ಕಾಗಿ ತಲೆಮಾರುಗಳಿಂದ ಆಯ್ದು ಮೊಟಕುಗೊಳಿಸಿದ ಮುಖ. ಮೂತಿ ತೀರಾ ಮೋಟಾದ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ನೆದರ್ಲೆಂಡ್ಸ್ ನಿರ್ಬಂಧ ಹಾಕಿದೆ. ನಮ್ಮಲ್ಲಿಯೂ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟದ ಬಗ್ಗೆ 2017ರಲ್ಲಿ ನಿಯಮಗಳು ಬಂದಿವೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕು. ಜೊತೆಗೆ, ಈ ತಳಿಯ ಉಸಿರಾಟದ ತೊಂದರೆ ಮತ್ತು ಪ್ರಯಾಣದ ನಿರ್ಬಂಧಗಳನ್ನು ಕೊಳ್ಳುವವರಿಗೆ ಲಿಖಿತವಾಗಿ ತಿಳಿಸುವುದನ್ನೂ ಮಾರುವವರ ಹೊಣೆಯಾಗಿಸಬೇಕು. 2030ರ ಹೊತ್ತಿಗೆ ನಾಯಿಯಿಂದ ಹರಡುವ ರೇಬಿಸ್ ನಿರ್ಮೂಲನೆ ಮಾಡುವ ರಾಷ್ಟ್ರೀಯ ಸಂಕಲ್ಪ ಕಾಗದದಲ್ಲೇ ಉಳಿಯದಿದ್ದರೆ ಹೊರದೇಶಗಳ ಅನುಮಾನವೂ ಒಂದು ದಿನ ಕರಗೀತು.

ಅಲ್ಲಿಯವರೆಗೆ ಹೊಣೆ ನಮ್ಮದೇ. ನಾಯಿಯ ಆಯಸ್ಸು ಹನ್ನೆರಡು, ಹದಿಮೂರು ವರ್ಷ. ಅಷ್ಟು ಕಾಲ ಒಂದೇ ಊರಿನಲ್ಲಿ ಇರುವ ಭರವಸೆ ಇಲ್ಲದವರು ಚಪ್ಪಟೆ ಮೂತಿಯ ಮರಿಗೆ ಮನಸೋಲುವ ಮುನ್ನ, ತಾವು ಹೊರಟ ದಿನ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಲಿ.