ಗಂಜಿ ಸರಿ, ಹುರುಳಿ ಎಲ್ಲಿ ಮಾರ್ರೆ?

ಮಣ್ಣಿನ ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ, ಮೇಲೊಂದು ಮಾವಿನ ಮಿಡಿ, ಪಕ್ಕದಲ್ಲಿ ಹಲಸಿನ ಹಪ್ಪಳ. ಶನಿವಾರ ಬಂತೆಂದರೆ ನಮ್ಮ ಊರಿನವರ ವಾಟ್ಸಾಪ್ ಗ್ರೂಪಲ್ಲಿ ಇದೇ ಫೋಟೋ. ಬಂಟ್ವಾಳದವನು ಹಾಕಿದರೆ ಬೆಳ್ತಂಗಡಿಯವನು ಹಾರ್ಟ್ ಒತ್ತುತ್ತಾನೆ, ಮೂಡುಬಿದಿರೆಯವಳು "ಇದರ ಮುಂದೆ ಓಟ್ಸ್ ಎಂತದು?" ಅಂತಾಳೆ. ಎಲ್ಲರೂ ಬೆಂಗಳೂರಲ್ಲಿ ಕೂತು ಕೋಡ್ ಬರೆಯುವವರೇ. ನಾನೂ.

ನನ್ನ ತಕರಾರು ಇಷ್ಟೆ. ಹುರುಳಿ ಸಾರು ಎಲ್ಲಿ?

ಬೆಳ್ತಂಗಡಿ ತಾಲೂಕಿನ ನಮ್ಮ ಮನೆಯಲ್ಲಿ ಗಂಜಿ ಒಂಟಿಯಾಗಿ ಬಂದದ್ದೇ ಕಡಿಮೆ. ಒಲೆಯ ಒಂದು ಬದಿಗೆ ಅಕ್ಕಿ, ಇನ್ನೊಂದು ಬದಿಗೆ ರಾತ್ರಿ ನೆನೆಹಾಕಿದ ಹುರುಳಿ. ಗಂಟೆಗಟ್ಟಲೆ ಬೇಯಬೇಕು. ಕಟ್ಟು ಬಸಿದು ಮತ್ತೆ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರು, ಕಾಳಿಗೆ ತೆಂಗಿನಕಾಯಿ ತುರಿ ಹಾಕಿದರೆ ಪಲ್ಯ. ಬಿಸಿ ತೆಳಿಯ ಜೊತೆ ಆ ಸಾರು... ಇರಲಿ.

ನಾವು ಅಕ್ಕಿಯನ್ನು ಕುಕ್ಕರಿಗೆ ಹಾಕಿ, ಹುರುಳಿಯನ್ನು ಬಿಟ್ಟು, ಉಪ್ಪಿನಕಾಯಿ ಉಳಿಸಿಕೊಂಡೆವು. ಮೇಲೆ 'ಹೆಲ್ದಿ' ಅಂತ ಹ್ಯಾಶ್‌ಟ್ಯಾಗ್ ಬೇರೆ.

ಕುಚ್ಚಲಕ್ಕಿಯ ಗುಣ ಸುಳ್ಳಲ್ಲ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತವುಡಿನ ಬಿ ವಿಟಮಿನ್ ಕಾಳಿನೊಳಗೆ ಇಳಿಯುತ್ತದೆ. 1905ರಲ್ಲಿ ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿಲಿಯಂ ಫ್ಲೆಚರ್ ಒಂದು ಗುಂಪಿಗೆ ಬೆಳ್ತಿಗೆ, ಇನ್ನೊಂದಕ್ಕೆ ಕುಚ್ಚಲಕ್ಕಿ ಕೊಟ್ಟು ನೋಡಿದ. ಬೆರಿಬೆರಿ ಹಿಡಿದದ್ದು ಬೆಳ್ತಿಗೆ ಉಂಡವರನ್ನು. ಆದರೆ ಪ್ರೋಟೀನ್? 100 ಗ್ರಾಂ ಅಕ್ಕಿಯಲ್ಲಿ 7-8 ಗ್ರಾಂ, ಅಷ್ಟೇ ಹುರುಳಿಯಲ್ಲಿ ಸುಮಾರು 22. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಹುರುಳಿಯಲ್ಲಿ ಧಾರಾಳ ಉಂಟು. ಮಿಡಿಯಲ್ಲಿರುವುದು ಮುಖ್ಯವಾಗಿ ಉಪ್ಪು.

ಹೋದ ವರ್ಷ ಅಮ್ಮನಿಗೆ ತಲೆ ತಿರುಗಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9. ಡಾಕ್ಟರು "ಊಟ ಎಂತ ಮಾಡ್ತೀರಿ?" ಅಂತ ಕೇಳಿದರು. "ಗಂಜಿ, ಉಪ್ಪಿನಕಾಯಿ." ಮೂರು ಹೊತ್ತೂ. "ಒಬ್ಬಳಿಗೋಸ್ಕರ ಹುರುಳಿ ಬೇಯಿಸುವುದೆಂತ ಮಗಾ?" ಅಂದಳು. ನಾನು ಇಲ್ಲಿ ಗಂಜಿಯ ಫೋಟೋಗಳಿಗೆ ಹಾರ್ಟ್ ಒತ್ತುತ್ತಿದ್ದ ತಿಂಗಳುಗಳವು.

ಹುರುಳಿ ತಿಂದರೆ ರಕ್ತ ಬರುತ್ತದೆ ಅಂತ ನಾನು ಹೇಳುವುದಿಲ್ಲ, ಅವಳಿಗೆ ಮಾತ್ರೆಯೇ ಬೇಕಾಯಿತು. ಆದರೆ ಅಜ್ಜಿಯ ಬಟ್ಟಲನ್ನು ಅರ್ಧ ಮಾಡಿ ಅಜ್ಜಿಯ ಹೆಸರಲ್ಲಿ ಹೊಗಳಬೇಡಿ. ಅವರು ಆ ಗಂಜಿ ಉಂಡು ಗದ್ದೆಗೆ ಇಳಿಯುತ್ತಿದ್ದರು, ನಾವು ಮೀಟಿಂಗಿಗೆ ಕೂರುತ್ತೇವೆ.

ನೆನೆದ ಹುರುಳಿ ಕುಕ್ಕರಲ್ಲೂ ಬೇಯುತ್ತದೆ. ಶುಕ್ರವಾರ ರಾತ್ರಿ ಒಂದು ಹಿಡಿ ನೀರಿಗೆ ಹಾಕಿ, ಊರಿಗೂ ಫೋನ್ ಮಾಡಿ ಹಾಕಿಸಿ. ಶನಿವಾರದ ಫೋಟೋದಲ್ಲಿ ಸಾರಿನ ಬಟ್ಟಲು ಕಾಣದಿದ್ದರೆ ನನ್ನ ಹಾರ್ಟ್ ಇಲ್ಲ.